ಡೇರ್, ಡೇನ್, ಡೇಮ್ ಮತ್ತು ನಮ್ಮ ಕೃದಂತ

“ಮೇಷ್ಟ್ರೇ, ಈ ವಯಸ್ಸಿನಲ್ಲಿ ಜರ್ಮನ್ ಏಕೆ?” ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ. ಉತ್ತರ ಸರಳ. ಮಗಳ ಸಂಸಾರ ಸ್ಟುಟ್‌ಗಾರ್ಟಿನಲ್ಲಿದೆ. ಮೊಮ್ಮಗಳು ಶಾಲೆಯಲ್ಲಿ ಆಡುವುದು, ಜಗಳವಾಡುವುದು ಎಲ್ಲವೂ ಜರ್ಮನ್ನಿನಲ್ಲಿ. ಮೂರು ಲಿಂಗ, ನಾಲ್ಕು ವಿಭಕ್ತಿಗಳನ್ನು ಹೇಗೋ ದಾಟಿದೆ. ಸಂಬಂಧಾರ್ಥಕ ಸರ್ವನಾಮದ ಬಳಿ ಮಾತ್ರ ಬಹಳ ಹೊತ್ತು ನಿಂತೆ. ನಿಂತದ್ದು ಕಷ್ಟಕ್ಕಿಂತ ಹೆಚ್ಚಾಗಿ ಕುತೂಹಲದಿಂದ.

ಸಂಸ್ಕೃತ ಓದಿದವರಿಗೆ ಇದರ ನಿಯಮ ಹೊಸದಲ್ಲ. ‘ಯತ್’ ಶಬ್ದದಂತೆಯೇ ಇಲ್ಲಿಯೂ ಲಿಂಗ, ವಚನಗಳು ಹಿಂದಿನ ನಾಮಪದದಿಂದ ಬರುತ್ತವೆ. ವಿಭಕ್ತಿಯಾದರೋ ಉಪವಾಕ್ಯದೊಳಗೆ ಆ ಸರ್ವನಾಮ ಮಾಡುವ ಕೆಲಸದಿಂದ. ‘ಡೇರ್ ಮಾನ್’ ಎಂದರೆ ಆ ಗಂಡಸು. ಅವನು ಇಲ್ಲಿ ವಾಸಿಸುವನೆಂದರೆ ‘ಡೇರ್’. ಅವನನ್ನು ನಾನು ಕಂಡೆನೆಂದರೆ ‘ಡೇನ್’. ಅವನಿಗೆ ನೆರವಾದೆನೆಂದರೆ ‘ಡೇಮ್’. ಅವನ ಮಗ ವೈದ್ಯನೆಂದರೆ ‘ಡೆಸೆನ್’. ನೆರವಾಗುವುದಕ್ಕೆ ಅವರಲ್ಲಿಯೂ ನಮ್ಮಂತೆ ಚತುರ್ಥಿಯೇ ಎಂದು ತಿಳಿದಾಗ ನನಗಾದ ಸಂತೋಷವನ್ನು ವ್ಯಾಕರಣ ಮೇಷ್ಟ್ರುಗಳು ಮಾತ್ರ ಬಲ್ಲರು. ‘ಯಾವ ಹೆಂಗಸಿನ ಮಗ’ ಎನ್ನುವಲ್ಲಿ ‘ಡೇರೆನ್’ ಬರುತ್ತದೆ. ಅಲ್ಲಿ ಮಗನನ್ನು ನೋಡಿ ಲಿಂಗ ನಿರ್ಧರಿಸಬಾರದು, ತಾಯಿಯನ್ನು ನೋಡಬೇಕು. ಸರ್ವನಾಮದ ಹಿಂದೆ ಅಲ್ಪವಿರಾಮ ಕಡ್ಡಾಯ. ಕ್ರಿಯಾಪದ ಉಪವಾಕ್ಯದ ಕೊನೆಗೆ.

ಇಷ್ಟೆಲ್ಲ ಕೆಲಸವನ್ನು ಕನ್ನಡ ಸರ್ವನಾಮವೇ ಇಲ್ಲದೆ ಮುಗಿಸುತ್ತದೆ. ಮಾಡಿದ, ಮಾಡುವ, ಮಾಡದ ಎಂದು ನೀವೆಲ್ಲ ಒಂದು ಕಾಲಕ್ಕೆ ಬಾಯಿಪಾಠ ಮಾಡಿದ ಕೃದಂತಗಳನ್ನು ನೆನಪಿಸಿಕೊಳ್ಳಿ. ಹಣ್ಣು ಕತ್ತರಿಸಿದ ಹೆಂಗಸು, ಹಣ್ಣು ಕತ್ತರಿಸಿದ ಚಾಕು, ಹಣ್ಣು ಕತ್ತರಿಸಿದ ತಟ್ಟೆ, ಹಣ್ಣು ಕತ್ತರಿಸಿದ ದಿನ. ಕೃದಂತ ಒಂದೇ. ಕರ್ತೃವೋ, ಕರಣವೋ, ಸ್ಥಳವೋ, ಕಾಲವೋ ಎಂಬುದನ್ನು ಕೇಳುವವನೇ ಅರಿತುಕೊಳ್ಳಬೇಕು. ಜರ್ಮನ್ ಅದನ್ನು ಕೇಳುಗನಿಗೆ ಬಿಡುವುದಿಲ್ಲ. ಹೆಂಗಸಿಗೆ ‘ಡೀ’, ಚಾಕುವಿಗೆ ‘ಮಿಟ್ ಡೇಮ್’, ತಟ್ಟೆಗೆ ‘ಔಫ್ ಡೇಮ್’, ದಿನಕ್ಕೆ ‘ಆನ್ ಡೇಮ್’ ಎಂದು ಲೆಕ್ಕ ಒಪ್ಪಿಸಿಯೇ ಮುಂದೆ ಹೋಗುತ್ತದೆ.

ಕಳೆದ ತಿಂಗಳು ವಿಡಿಯೋ ಕರೆಯಲ್ಲಿ ಮೊಮ್ಮಗಳು, “ಆ ಹುಡುಗಿ, ಯಾರು ನನ್ನ ಪಕ್ಕ ಕೂರುತ್ತಾಳೆ, ಅವಳು ಮನೆಗೆ ಬಂದಿದ್ದಳು” ಎಂದಳು. ಮನೆಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಪ್ರತಿಯೊಂದು ಪದವೂ ಕನ್ನಡ, ಅಲ್ಪವಿರಾಮ ಸಹಿತ ವಾಕ್ಯ ಜರ್ಮನ್. ‘ಯಾರು ಬರುತ್ತಾರೋ ಅವರು’ ಎಂಬ ರಚನೆ ನಮ್ಮಲ್ಲಿಯೂ ಉಂಟು, ನಿಜ. ಆದರೆ ಪಕ್ಕದಲ್ಲಿ ಕೂರುವ ಗೆಳತಿಯ ವಿಷಯವನ್ನು ಯಾರೂ ಹಾಗೆ ಹೇಳುವುದಿಲ್ಲ. ಮರೆತ ಪದವನ್ನು ಹುಡುಕಿಕೊಳ್ಳಲು ಜರ್ಮನಿಯವರೇ ಆದ ಕಿಟೆಲ್ ಅವರ 1894ರ ನಿಘಂಟಾದರೂ ಇದೆ. ವಾಕ್ಯದ ಈ ನಡಿಗೆಯನ್ನು ಮಗು ಯಾವ ಪುಟದಲ್ಲಿ ಹುಡುಕಬೇಕು? ತಿದ್ದಲು ಹೋಗದೆ, “ಓ, ನಿನ್ನ ಪಕ್ಕ ಕೂರುವ ಹುಡುಗಿಯೇ?” ಎಂದಷ್ಟೇ ಕೇಳಿದೆ.

ವಿಚಿತ್ರವೆಂದರೆ, ಜರ್ಮನ್ನಿನಲ್ಲಿಯೂ ನಮ್ಮ ಕೃದಂತದ ದಾಯಾದಿಯೊಂದಿದೆ. ‘ಡೇರ್ ಇಮ್ ಗಾರ್ಟನ್ ಷ್ಪೀಲೆಂಡೆ ಯುಂಗೆ’ ಎಂದರೆ, ಪದಗಳ ಕ್ರಮದಲ್ಲಿಯೂ, ‘ತೋಟದಲ್ಲಿ ಆಡುತ್ತಿರುವ ಹುಡುಗ’. ಆದರೆ ಇಂಥ ಉದ್ದದ ರಚನೆ ಹೆಚ್ಚಾಗಿ ಬರವಣಿಗೆಯದು, ಮಕ್ಕಳ ಬಾಯಲ್ಲಿ ಬರುವಂಥದಲ್ಲ. ಅದರ ಕೈ ಎಲ್ಲ ಕಡೆಗೂ ಎಟುಕುವುದಿಲ್ಲ. ‘ನಾನು ಹುಟ್ಟಿದ ಮನೆ’ ಎನ್ನಬೇಕಾದರೆ ‘ಇನ್ ಡೇಮ್’ ಬೇಕೇ ಬೇಕು.

ಅಷ್ಟು ಕಟ್ಟುನಿಟ್ಟಿನ ಜರ್ಮನ್ನೂ ಒಂದೆಡೆ ಎಡವುತ್ತದೆ. ‘ಡೀ ಫ್ರೌ, ಡೀ ಡಾಸ್ ಕಿಂಡ್ ಜೀಟ್’ ಎಂಬಲ್ಲಿ ಹೆಂಗಸು ಮಗುವನ್ನು ನೋಡುತ್ತಿದ್ದಾಳೋ, ಮಗು ಅವಳನ್ನೋ? ಸ್ತ್ರೀಲಿಂಗ, ನಪುಂಸಕಗಳಲ್ಲಿ ಪ್ರಥಮಾ, ದ್ವಿತೀಯಾ ರೂಪಗಳು ಒಂದೇ ಆದ್ದರಿಂದ ವಾಕ್ಯ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ‘ಮಗುವನ್ನು ನೋಡುವ ಹೆಂಗಸು’, ‘ಮಗು ನೋಡುವ ಹೆಂಗಸು’ ಬೇರೆ ಬೇರೆಯೇ. ಇದನ್ನು ಒಗಟಿನಂತೆ ಮೊಮ್ಮಗಳ ಮುಂದಿಟ್ಟೆ. “ಚಿತ್ರ ತೋರಿಸಿದರೆ ಹೇಳುತ್ತೇನೆ” ಎಂದಳು, ಜಾಣೆ. ಕನ್ನಡದಲ್ಲಿ ಎರಡನ್ನೂ ಹೇಳು ಎಂದೆ. ಮೊದಲನೆಯದು ಸರಾಗವಾಗಿ ಬಂತು. ಎರಡನೆಯದಕ್ಕೆ ತುಸು ಯೋಚಿಸಿ, “ಯಾರನ್ನು ಮಗು ನೋಡುತ್ತದೆ, ಆ ಹೆಂಗಸು” ಎಂದಳು. ಮುಂದಿನ ಭಾನುವಾರ ಮತ್ತೆ ಕೇಳಬೇಕು.