ಬ್ಯಾವೊವ್ಯೇಝಾದ ಶಿಲೆಯೂ ಅರಣ್ಯವೂ

ಪೋಲೆಂಡ್ ದೇಶದ ಪೂರ್ವ ಸೀಮೆಯಲ್ಲಿ, ಬೆಲಾರೂಸಿನ ಗಡಿಗೆ ತಾಗಿಕೊಂಡಿರುವ ಹೈನುಫ್ಕಾ ಎಂಬ ಗ್ರಾಮಪ್ರಧಾನವಾದ ಜಿಲ್ಲೆಯಲ್ಲಿ, ಬ್ಯಾವೊವ್ಯೇಝಾದ ಅರಮನೆಯ ಉದ್ಯಾನದೊಳಗೆ, 1752ರಲ್ಲಿ ಮೂರನೆಯ ಆಗಸ್ಟಸ್ ಮಹಾರಾಜನು ಸಪರಿವಾರನಾಗಿ ಬಂದು ಒಂದೇ ಬೇಟೆಯಲ್ಲಿ 42 ಬೈಸನ್‌ಗಳನ್ನು ಕೆಡವಿದ ‘ಪರಾಕ್ರಮ’ವನ್ನು ಪೋಲಿಷ್ ಮತ್ತು ಜರ್ಮನ್ ಭಾಷೆಗಳೆರಡರಲ್ಲಿಯೂ ಸಾರುವ ಮರಳುಗಲ್ಲಿನ ಸ್ತಂಭವೊಂದು ನಿಂತಿದೆ. ಸತ್ತ ಪಶುಗಳ ಲೆಕ್ಕವನ್ನು ಇಷ್ಟು ಶ್ರದ್ಧೆಯಿಂದ ಕಲ್ಲಿನಲ್ಲಿ ಕೊರೆಯಿಸಿದ ರಾಜವೈಭವಕ್ಕೆ ನಗಬೇಕೋ ಮರುಗಬೇಕೋ ತಿಳಿಯದು. ರಷ್ಯದ ತ್ಸಾರನು ತರುವಾಯ ಇಲ್ಲಿ ಕಟ್ಟಿಸಿದ ಅರಮನೆಯಂತೂ 1944ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಕೆಂಪಿಟ್ಟಿಗೆಯ ಹೆಬ್ಬಾಗಿಲು ಇಂದಿಗೂ ಉಳಿದಿದೆ.

ಬ್ಯಾವೊವ್ಯೇಝಾದ ಅರಣ್ಯದ ಕಟ್ಟಕಡೆಯ ಕಾಡು ಬೈಸನ್ 1919ರಲ್ಲಿ ಹತವಾದ ಮೇಲೆ, ಮೃಗಾಲಯಗಳಲ್ಲಿ ಬದುಕುಳಿದಿದ್ದ ಕೆಲವನ್ನು 1929ರಿಂದ ತಂದು ಸಾಕಿ, ಅವುಗಳ ಸಂತತಿಯನ್ನು 1952ರಲ್ಲಿ ಮರಳಿ ಕಾಡಿಗೆ ಬಿಟ್ಟರು. ಆದರೆ ನನ್ನ ಮಟ್ಟಿಗೆ ಇಲ್ಲಿಯ ನಿಜವಾದ ದರ್ಶನೀಯ ವಸ್ತುವೆಂದರೆ, ಮಾರ್ಗದರ್ಶಿಯಿಲ್ಲದೆ ಪ್ರವೇಶವಿಲ್ಲದ ಒಳಕಾಡಿನಲ್ಲಿ, ಉರುಳಿದ ಓಕ್ ಮರವನ್ನು ಯಾರೂ ಎತ್ತದೆ ಬಿಟ್ಟಿರುವುದರಿಂದ, ಅದರ ಮೈಮೇಲೆ ಹಾವಸೆ ಹಬ್ಬಿ, ಅಣಬೆಗಳು ಸಾಲಾಗಿ ಎದ್ದು, ತೊಗಟೆಯಡಿಯ ಹುಳುಗಳನ್ನರಸಿ ಮರಕುಟಿಗಗಳು ಬಂದೆರಗುವ ಆ ನಿರಂತರ ವ್ಯಾಪಾರವೇ. ಅಚ್ಚುಕಟ್ಟಾದ ಉದ್ಯಾನಗಳಿಗೆ ಒಗ್ಗಿದ ಕಣ್ಣಿಗೆ ಇದು ಮೊದಲು ಅವ್ಯವಸ್ಥೆಯಾಗಿಯೇ ತೋರೀತು.

ಇನ್ನು ಸಂತ ನಿಕೊಲಾಸನ ದೇವಾಲಯದ ಪಿಂಗಾಣಿಯ ಪ್ರತಿಮಾಭಿತ್ತಿಯನ್ನು, ಸಮಯವಿದ್ದವರು ತಪ್ಪದೆ ನೋಡಬಹುದು.