ಕೆರೆಯ ತಳದಲ್ಲಿ ನಮ್ಮ ಗಣಪ

ಏಳನೆಯ ತರಗತಿಯ ನನ್ನ ಮೊಮ್ಮಗಳು ರಜೆಯಲ್ಲಿ ಅಪ್ಪನ ಜೊತೆ ಮುರ್ಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡಿ ಬಂದಳು. ಮೀನು, ಹವಳಗಳ ಕತೆಯೆಲ್ಲ ಹೇಳಿ ಮುಗಿಸಿ, "ಅಜ್ಜಾ, ನಮ್ಮ ಉಣಕಲ್ ಕೆರಿಯಾಗ ಮುಳುಗಿದ್ರ ಏನ್ ಕಾಣತೈತಿ?" ಎಂದು ಕೇಳಿದಳು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೆ ಬಾಕಿ ಉಳಿಸಿಕೊಳ್ಳುವುದು ಆಗದ ಮಾತು. ಮರುದಿನವೇ ಇಬ್ಬರೂ ಚಿಗರಿ ಬಸ್ ಹತ್ತಿದೆವು.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ ಉಣಕಲ್ ಕೆರೆ ಇದೆ. ನೀರಿನ ನಡುವೆ ವಿವೇಕಾನಂದರ ಪ್ರತಿಮೆ, ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ. ಒಂದು ಕಾಲಕ್ಕೆ ಹುಬ್ಬಳ್ಳಿಯ ಜನ ಇದೇ ಕೆರೆಯ ನೀರು ಕುಡಿಯುತ್ತಿದ್ದರು. ಆಮೇಲೆ ಅಂತರಗಂಗೆ ಹಬ್ಬಿ ಕೆರೆಯನ್ನು ಬಹಳ ಕಾಡಿತು.

ದಂಡೆಯ ಮೇಲೆ ಕುಳಿತು ಚುರುಮುರಿ ತಿನ್ನುತ್ತ ಹೇಳಿದೆ: "ಇಲ್ಲಿ ಮುಳುಗಿದರೆ ನಿನ್ನ ಕೈಯೇ ನಿನಗೆ ಕಾಣಿಸುವುದು ಕಷ್ಟ." ಕೆರೆಯ ನೀರಿನಲ್ಲಿ ಹೂಳು, ಪಾಚಿ ಹೆಚ್ಚು. ಬೆಳಕು ಒಳಗೆ ಇಳಿಯುವುದಿಲ್ಲ. ಕೆರೆಯಲ್ಲಿ ಮುಳುಗುವವರು ಕೈಯಿಂದ ತಡವಿಯೇ ಹುಡುಕಬೇಕು. ನೀರೊಳಗೆ ಉಸಿರಾಡುವ ಈ ಉಪಕರಣವನ್ನು 1943ರಲ್ಲಿ ಫ್ರಾನ್ಸ್‌ನ ಕುಸ್ತೊ ಮತ್ತು ಗಾನ್ಯಾಂ ಎಂಬಿಬ್ಬರು ರೂಪಿಸಿದರು. ಬೆನ್ನಿಗಿರುವ ಸಿಲಿಂಡರಿನಲ್ಲಿ ಒತ್ತಿ ತುಂಬಿರುವುದು ಸಾಮಾನ್ಯವಾಗಿ ನಮ್ಮ ಸುತ್ತಲಿನ ಗಾಳಿಯೇ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ.

ಕೆರೆಯ ಕೆಸರು ಒಳ್ಳೆಯ ತಿಜೋರಿ. ಅದರೊಳಗೆ ಗಾಳಿ ಆಡದ ಕಾರಣ ಹೂತ ಕಟ್ಟಿಗೆ ಬೇಗ ಕೊಳೆಯುವುದಿಲ್ಲ. ಸ್ವಿಟ್ಜರ್ಲೆಂಡಿನ ಝೂರಿಕ್ ಸರೋವರದಲ್ಲಿ 1854ರ ಚಳಿಗಾಲ ನೀರು ಬಹಳ ಇಳಿದಾಗ, ಸಾವಿರಾರು ವರ್ಷ ಹಿಂದಿನ ಮನೆಗಳ ಮರದ ಕಂಬಗಳು ಕಾಣಿಸಿಕೊಂಡವು. ಅಷ್ಟು ದೂರ ಏಕೆ, ನಮ್ಮ ಬೆಳಗಾವಿ ಜಿಲ್ಲೆಯ ಹಿಡಕಲ್ ಜಲಾಶಯದಲ್ಲಿ ಹುನ್ನೂರಿನ ವಿಠ್ಠಲನ ಗುಡಿಯಿದೆ. ವರ್ಷದಲ್ಲಿ ಬಹುಕಾಲ ನೀರೊಳಗೇ ಇರುತ್ತದೆ. ಬೇಸಿಗೆಯಲ್ಲಿ ಘಟಪ್ರಭೆ ಇಳಿದಾಗ ಗುಡಿ ಮೇಲೆದ್ದು ಬರುತ್ತದೆ, ಜನ ದರ್ಶನಕ್ಕೆ ಹೋಗುತ್ತಾರೆ.

"ನೀನು ಏನರ ನೋಡೀಯೇನಜ್ಜಾ?" ಎಂದಳು.

ನೋಡಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಅಷ್ಟೆ. ಬಹಳ ವರ್ಷಗಳ ಹಿಂದೆ ನಾವಿದ್ದ ಬಡಾವಣೆಯ ಪಕ್ಕದಲ್ಲಿ ಒಂದು ಸಣ್ಣ ಕೆರೆಯಿತ್ತು. ಬಣ್ಣ ಹೊಳೆಯುತ್ತದೆ, ಹಗುರ ಇರುತ್ತದೆ ಎಂದು ಪ್ರತಿವರ್ಷ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪನನ್ನೇ ತಂದು, ಪೂಜಿಸಿ, ಅಲ್ಲೇ ಬಿಡುತ್ತಿದ್ದೆ. ಒಂದು ಬರಗಾಲದಲ್ಲಿ ಕೆರೆ ಒಣಗಿತು. ಬೆಳಗಿನ ವಾಕಿಂಗಿಗೆ ಹೋದವನು ನಿಂತಲ್ಲೇ ನಿಂತೆ. ಬಿರಿದ ಕೆಸರಿನ ತುಂಬ ಮುರಿದ ಸೊಂಡಿಲು, ಕಿವಿ, ಕಿರೀಟ. ಒಂದು ಮೂರ್ತಿಗೆ ಬಂಗಾರದ ಬಣ್ಣ ಇನ್ನೂ ಇತ್ತು. ನಾಯಿಯೊಂದು ಅದರ ಪಕ್ಕದಲ್ಲೇ ಮಲಗಿತ್ತು. ಕೈಮುಗಿಯಲೂ ನಾಚಿಕೆಯಾಯಿತು.

"ಅದರಾಗ ನಮ್ಮ ಗಣಪ್ಪನೂ ಇದ್ದನೇನು?"

"ಇದ್ದಿರಬೇಕವ್ವಾ. ಗುರುತು ಹಿಡಿಯಾಕ ನನಗ ಧೈರ್ಯ ಆಗಲಿಲ್ಲ."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡಿ ಪೂಜಿಸಿ, ಮತ್ತೆ ನೀರಿಗೇ ಬಿಡುತ್ತಿದ್ದರು. ಕೆರೆಯದು ಕೆರೆಗೇ ಜಮಾ ಆಗುತ್ತಿತ್ತು. ಪ್ಲಾಸ್ಟರ್ ಹಾಗೆ ಕರಗುವುದಿಲ್ಲ. ಬಣ್ಣ ಮಾತ್ರ ನೀರಿಗೆ ಸೇರುತ್ತದೆ.

ಆ ಬರಗಾಲದ ನಂತರ ನಮ್ಮ ಮನೆಗೆ ಮಣ್ಣಿನ ಗಣಪನೇ ಬರುತ್ತಾನೆ. ಬಕೆಟ್ಟಿನಲ್ಲೇ ವಿಸರ್ಜನೆ, ಕರಗಿದ ಮಣ್ಣು ದಾಸವಾಳದ ಗಿಡಕ್ಕೆ. ಇದು ಏಕೆಂದು ಅವಳಿಗೆ ಈಗ ತಿಳಿಯಿತು. ಈ ವರ್ಷದ ಮೂರ್ತಿಯನ್ನು ತಾನೇ ಮಾಡುತ್ತಾಳಂತೆ.

ಮಕ್ಕಳೇ, ನಿಮ್ಮೂರಿನ ಕೆರೆಯ ತಳದಲ್ಲಿ ಏನಿದೆ? ಮುಳುಗಿ ನೋಡಲು ಹೋಗಬೇಡಿ. ಅಜ್ಜ-ಅಜ್ಜಿಯರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.