ನಮ್ಮ ಚಳಿಗಾಲಕ್ಕೆ ಎಂಥ ಟೈರು?

ಚಿತ್ರದುರ್ಗದ ಸೀಮೆಯಲ್ಲಿ ಸೈಕಲ್ ಹತ್ತಿ ಊರು ನೋಡಲು ಒಳ್ಳೆಯ ಕಾಲವೆಂದರೆ ಡಿಸೆಂಬರ್, ಜನವರಿ. ಬೇಸಿಗೆಯಲ್ಲಿ ಕಾದು ಉರಿಯುವ ಕೋಟೆಯ ಬಂಡೆಗಳು ಆಗ ಬೆಳಿಗ್ಗೆ ತಣ್ಣಗಿರುತ್ತವೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿರುತ್ತವೆ. ದುರ್ಗದಿಂದ ಹಿರಿಯೂರು, ಅಲ್ಲಿಂದ ವಾಣಿವಿಲಾಸ ಸಾಗರ, ಹೊಸದುರ್ಗ, ಹೊಳಲ್ಕೆರೆ ನೋಡಿಕೊಂಡು ಮತ್ತೆ ದುರ್ಗಕ್ಕೆ ಬಂದರೆ ನೂರೈವತ್ತು ಕಿಲೋಮೀಟರಿಗೂ ಮೀರಿದ ಸುತ್ತು. ರೂಢಿಯಿರುವ ದೊಡ್ಡವರು ಎರಡು ದಿನದಲ್ಲಿ ಮುಗಿಸಬಹುದು. ಮಕ್ಕಳಿಗೆ ಇದರ ಒಂದೊಂದು ತುಂಡೇ ಸಾಕು. ಆದರೆ ಹೊರಡುವ ಮೊದಲು ಟೈರು ನೋಡಬೇಕು.

ಫಿನ್‌ಲ್ಯಾಂಡಿನ ಔಲು ಎಂಬ ಊರಿನಲ್ಲಿ ಮಕ್ಕಳು ಹಿಮದ ಮೇಲೂ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಅಂಥ ದೇಶಗಳಲ್ಲಿ ಚಳಿಗಾಲಕ್ಕೆಂದೇ ಬೇರೆ ಟೈರು ಸಿಗುತ್ತದೆ. ಅದರ ಮೈತುಂಬ ಸಣ್ಣ ಸಣ್ಣ ಲೋಹದ ಮೊಳೆಗಳು. ಅವು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ. ಚಳಿಗೆ ಗಟ್ಟಿಯಾಗದಂಥ ಮೆತ್ತನೆಯ ರಬ್ಬರನ್ನೂ ಬಳಸುತ್ತಾರೆ. ನಮ್ಮಲ್ಲಿ ಎಷ್ಟೇ ಚಳಿ ಎಂದರೂ ರಸ್ತೆಯ ಮೇಲೆ ಹಿಮ ಕಟ್ಟುವುದಿಲ್ಲ. ಹಾಗಾದರೆ ನಮ್ಮ ಚಳಿಗಾಲದಲ್ಲಿ ಟೈರಿಗೆ ತೊಂದರೆಯೇ ಇಲ್ಲವೇ? ಇದೆ. ಅದು ಬೇರೆ ಥರದ್ದು. ಊರೂರಿಗೂ ಒಂದೊಂದು.

ಮೊದಲು ಹಿರಿಯೂರಿನ ದಾರಿ. ದುರ್ಗದಿಂದ ಸುಮಾರು ನಲವತ್ತು ಕಿಲೋಮೀಟರ್. ಪುಣೆ–ಬೆಂಗಳೂರು ಹೆದ್ದಾರಿ ಇದೇ. ಲಾರಿಗಳ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ತಂತಿಯ ಎಳೆಗಳು ರಸ್ತೆಯಂಚಿನಲ್ಲಿ ಉದುರಿರುತ್ತವೆ. ಕೂದಲಿನಷ್ಟು ತೆಳ್ಳಗಿದ್ದು ಕಣ್ಣಿಗೆ ಬೀಳುವುದಿಲ್ಲ. ಟೈರಿಗೆ ಚುಚ್ಚಿಕೊಂಡರೆ ನಿಧಾನವಾಗಿ ಒಳಗೆ ಇಳಿದು ಟ್ಯೂಬನ್ನು ಮುಟ್ಟುತ್ತವೆ. ಮಕ್ಕಳಂತೂ ಈ ಹೆದ್ದಾರಿಗೆ ಸೈಕಲ್ ಇಳಿಸಲೇಬಾರದು. ದೊಡ್ಡವರಿಗೂ ಸರ್ವಿಸ್ ರಸ್ತೆ ಇರುವ ಕಡೆ ಅದೇ ಲೇಸು.

ಹಿರಿಯೂರಿನಿಂದ ವಾಣಿವಿಲಾಸ ಸಾಗರಕ್ಕೆ ಹೋಗುವ ದಾರಿ ಹೆದ್ದಾರಿಗಿಂತ ಶಾಂತ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ಈ ಅಣೆಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ! ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೇ ಮೊದಲ ಸಲ ನೋಡಿದ ನೋಟ ಅದು. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಜಾಲಿ ಚೆನ್ನಾಗಿ ಬೆಳೆಯುತ್ತದೆ. ನೆಲಕ್ಕೆ ಹಬ್ಬಿ ಪುಟ್ಟ ಹಳದಿ ಹೂ ಬಿಡುವ ನೆಗ್ಗಿಲು ಗಿಡವೂ ಇದೆ. ಮಳೆಗಾಲದಲ್ಲಿ ಹಸಿರಾಗಿದ್ದ ನೆಗ್ಗಿಲು ಕಾಯಿ ಚಳಿಗಾಲದ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ. ಅದು ಹೇಗೆ ಬಿದ್ದರೂ ಒಂದು ಮುಳ್ಳಾದರೂ ಮೇಲ್ಮುಖವಾಗಿಯೇ ನಿಲ್ಲುತ್ತದೆ. ಅಣೆಕಟ್ಟೆ ನೋಡುವ ಆತುರದಲ್ಲಿ ಸೈಕಲನ್ನು ರಸ್ತೆಯಿಂದ ಪಕ್ಕದ ಮಣ್ಣಿಗೆ ಇಳಿಸಿದರೆ ಪಂಕ್ಚರ್ ಖಂಡಿತ.

ಹೊಸದುರ್ಗದ ಕಡೆ ರಾಗಿ ಹೊಲಗಳು. ಕೊಯ್ಲು ಮುಗಿದ ಮೇಲೆ ಹಲವು ಕಡೆ ಒಕ್ಕಣೆ ನಡೆಯುವುದು ಟಾರು ರಸ್ತೆಯಲ್ಲೇ. ರೈತರನ್ನು ಬೈದು ಫಲವಿಲ್ಲ; ಮೊದಲಿನಂತೆ ನೆಲ ಸಾರಿಸಿ ಕಣ ಮಾಡುವುದಕ್ಕೆ ಆಳೂ ಇಲ್ಲ, ಹೊತ್ತೂ ಇಲ್ಲ. ಹೊಳಲ್ಕೆರೆಯ ಕಡೆ ಬಂದರೆ ರಸ್ತೆಬದಿಯಲ್ಲಿ ಮೆಕ್ಕೆಜೋಳ ಒಣಗುತ್ತಿರುತ್ತದೆ. ಅಲ್ಲಿಯ ಬಯಲು ಗಣಪತಿಗೆ ಕೈಮುಗಿದು ಹೊರಟವರು ಮುಂದಿನ ರಸ್ತೆಯನ್ನೂ ಕಣ್ಣುಬಿಟ್ಟು ನೋಡಬೇಕು. ಹುಲ್ಲಿನ ಮೇಲೆ ಸೈಕಲ್ ಜಾರುತ್ತದೆ, ಕಾಳಿನ ಮೇಲೆ ಗೋಲಿಯ ಮೇಲೆ ಹತ್ತಿದಂತೆ ಉರುಳುತ್ತದೆ. ಮುಂದಿನ ಬ್ರೇಕು ಹಿಡಿದರಂತೂ ಮುಗಿಯಿತು. ಹುಲ್ಲು ಮತ್ತು ಕಾಳಿನ ಮೇಲೆ ನಂಬಿಕೆಗೆ ಅರ್ಹವಾದ ಟೈರು ಯಾವುದೂ ಇಲ್ಲ. ಇಳಿದು ತಳ್ಳಿಕೊಂಡು ಹೋಗುವುದೇ ದಾರಿ.

ಹಾಗಾದರೆ ಎಂಥ ಟೈರು ಕೊಳ್ಳಬೇಕು? ರೇಸ್ ಸೈಕಲ್ಲಿಗೆ 25 ಮಿಲಿಮೀಟರ್ ಅಗಲದ ಟೈರು ಹಾಕಿರುವುದುಂಟು. ನೋಡಲು ಚೆಂದ, ನುಣುಪು ರಸ್ತೆಗೆ ಸರಿ. ನಮ್ಮ ದಾರಿಗಳಿಗೆ 28 ಅಥವಾ 32 ಒಳ್ಳೆಯದು. ಅಗಲ ಹೆಚ್ಚಿದ್ದರೆ ಗಾಳಿಯ ಒತ್ತಡ ಕಡಿಮೆ ಸಾಕು, ಗುಂಡಿಯಲ್ಲಿ ಕುಲುಕು ಕಡಿಮೆ, ಹಿಡಿತ ಹೆಚ್ಚು. ಕೊಳ್ಳುವ ಮೊದಲು ಫ್ರೇಮು, ಬ್ರೇಕುಗಳ ನಡುವೆ ಅಷ್ಟು ಅಗಲಕ್ಕೆ ಜಾಗವಿದೆಯೇ ನೋಡಿ. ಮೇಲಿನ ರಬ್ಬರಿನ ಕೆಳಗೆ ಕೆವ್ಲಾರಿನಂಥ ಗಟ್ಟಿ ನಾರಿನ ಪಟ್ಟಿ ಇರುವ ಟೈರು ಕೇಳಿ. ತೂಕ ಸ್ವಲ್ಪ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಮುಳ್ಳು ಒಳಗೆ ಇಳಿಯುವುದು ಕಷ್ಟ. ಟಾರು ರಸ್ತೆಗೆ ದೊಡ್ಡ ಗುಬಟಿನ ಟೈರು ಬೇಕಿಲ್ಲ. ಅದು ತುಳಿಯುವವರ ಬಲವನ್ನು ತಿನ್ನುತ್ತದೆ, ಅಷ್ಟೆ.

ಮಕ್ಕಳೇ, ನಿಮ್ಮ ಟೈರಿನ ಪಕ್ಕದಲ್ಲಿ ಬರೆದ ಅಂಕಿ ಓದಿದ್ದೀರಾ? 32-622 ಎಂದಿದ್ದರೆ 32 ಮಿಲಿಮೀಟರ್ ಅಗಲ. 622 ಎಂದರೆ ಟೈರು ಕೂರುವ ರಿಮ್ಮಿನ ವ್ಯಾಸ. ಅಜ್ಜನ ಕಾಲದ ಕರಿ ಸೈಕಲ್ಲಿನ 28×1½ ಟೈರಿಗೆ ಈ ವ್ಯಾಸ 635. ಎರಡನ್ನೂ ಅಂಗಡಿಯಲ್ಲಿ 'ಇಪ್ಪತ್ತೆಂಟು ಇಂಚು' ಎನ್ನಬಹುದು, ಆದರೆ ಒಂದರ ಟೈರು ಇನ್ನೊಂದಕ್ಕೆ ಕೂರದು.

ಗಾಳಿಯ ಮಾತೂ ಒಂದಿದೆ. ಗಾಳಿ ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆ. ಮಧ್ಯಾಹ್ನ 60 ಪಿಎಸ್‌ಐ ತುಂಬಿದ ಟೈರು, ಹತ್ತು ಡಿಗ್ರಿ ಚಳಿಯೇರಿದ ಬೆಳಗಿಗೆ ಎರಡು ಮೂರು ಪಿಎಸ್‌ಐ ಕಳೆದುಕೊಂಡಿರುತ್ತದೆ. ಆದ್ದರಿಂದ ಹೊರಡುವ ದಿನ ಬೆಳಿಗ್ಗೆಯೇ ಗಾಳಿ ನೋಡಿ. ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ ಮೀರಬೇಡಿ.

ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದೂ ಒಂದು ಮಗುವಿನಿಂದಲೇ. 1887ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ತಮ್ಮ ಮಗನ ಮೂರು ಗಾಲಿ ಸೈಕಲ್ಲು ಕುಲುಕದಿರಲಿ ಎಂದು ಅದನ್ನು ಮಾಡಿದರು. ನಮ್ಮಲ್ಲಿ 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಹುಡುಗಿಯರಿಗೆ ಹೈಸ್ಕೂಲು ಹತ್ತಿರವಾಯಿತು. ಆ ಹತ್ತಿರ ಉಳಿಯುವುದು ಟೈರಿನಲ್ಲಿ ಗಾಳಿ ಇರುವಷ್ಟು ಹೊತ್ತು ಮಾತ್ರ. ಪರೀಕ್ಷೆಯ ದಿನ ನಾಲ್ಕು ಮೈಲಿ ಸೈಕಲ್ ತಳ್ಳಿದವರಿಗೆ ಒಂದು ಮುಳ್ಳಿನ ಬೆಲೆ ಗೊತ್ತು.

ಭಾನುವಾರ ಅಜ್ಜನನ್ನು ಕರೆದು ಟೈರನ್ನು ಮೆಲ್ಲಗೆ ತಿರುಗಿಸುತ್ತಾ ಮುಳ್ಳು, ಗಾಜಿನ ಚೂರು ಹುಡುಕಿ. ಪಂಕ್ಚರ್ ಆಗಿದ್ದರೆ ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬಕೆಟ್ಟಿನಲ್ಲಿ ಅದ್ದಿ. ಗುಳ್ಳೆ ಏಳುವಲ್ಲಿ ತೂತು. ತೇಪೆ ಹಾಕಿದ ಕೂಡಲೇ ಟ್ಯೂಬು ತೂರಿಸಬೇಡಿ. ಟೈರಿನ ಒಳಗೆ ಒಂದು ಬಟ್ಟೆ ಸವರಿ ನೋಡಿ. ಚುಚ್ಚಿದ ಮುಳ್ಳು ಅಲ್ಲೇ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆದ ಮೇಲೇ ಮತ್ತೆ ದಾರಿ ಹಿಡಿಯಿರಿ.